ಕಿವಿ, ಸೆವಿ ಮತ್ತು ತಿರುಪ್ಪೂರಿನ ಒಂದು ಬನಿಯನ್

ಬಹಳ ದಿನಗಳ ನಂತರ ಬರೆಯುತ್ತಿದ್ದೇವೆ. ಪರೀಕ್ಷೆ, ದಾಖಲಾತಿ, ಮಧ್ಯಾಹ್ನದ ಊಟದ ಲೆಕ್ಕ ಅಂತ ಒಂದರ ಹಿಂದೆ ಒಂದು ಬಂದು ಬರೆಯುವುದು ಹಿಂದೆ ಬಿತ್ತು. ಗಡಿಯಾಚೆ ಕನ್ನಡ ಶಾಲೆ ನಡೆಸುವವರಿಗೆಲ್ಲ ಇದು ಗೊತ್ತಿರುವ ಕಥೆಯೇ. ಇರಲಿ, ಇವತ್ತು ನಾವು ಮಾಡಿದ ಒಂದು ತಪ್ಪಿನ ಬಗ್ಗೆ ಬರೆಯಬೇಕು. ಆ ತಪ್ಪಿನಿಂದ ನಾವು ಕಲಿತದ್ದನ್ನೂ ಬರೆಯಬೇಕು.

ನಮ್ಮದು ಘಟ್ಟದ ಮೇಲಿನ ಊರು. ಶಾಲೆಯಲ್ಲಿ ಇಬ್ಬರೇ ಶಿಕ್ಷಕರು. ನಮ್ಮ ಊರಿನ ಅರ್ಧ ಜನ ದಿಂಬಂ ಘಟ್ಟದ 27 ತಿರುವು ಇಳಿದು ಬಣ್ಣಾರಿ, ಸತ್ಯಮಂಗಲ, ಪುಳಿಯಂಪಟ್ಟಿ ದಾಟಿ ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲೋ ಕೊಯಮತ್ತೂರಿನ ಮಿಲ್ಲುಗಳಲ್ಲೋ ದುಡಿಯುತ್ತಾರೆ. ಮಕ್ಕಳನ್ನು ಕೆಲವರು ಜೊತೆಗೆ ಕರೆದುಕೊಂಡು ಹೋಗುತ್ತಾರೆ, ಕೆಲವರು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಾರೆ. ಹೀಗಾಗಿ ಪ್ರತಿ ಜೂನ್‌ನಲ್ಲಿ ನಮ್ಮ ಹಾಜರಿ ಪುಸ್ತಕದಲ್ಲಿ ಒಂದೆರಡು ಹೆಸರು ಮಾಯವಾಗಿ ಒಂದೆರಡು ಹೊಸ ಹೆಸರು ಬರುತ್ತವೆ.

ಹಾಗೆ ಬಂದವಳು ಒಬ್ಬಳು ಹುಡುಗಿ. ಹುಟ್ಟಿದ್ದು, ಮೂರನೆಯವರೆಗೆ ಓದಿದ್ದು ಎಲ್ಲ ತಿರುಪ್ಪೂರಿನಲ್ಲಿ. ಅಪ್ಪ ಕಟಿಂಗ್ ಸೆಕ್ಷನ್, ಅಮ್ಮ ಚೆಕಿಂಗ್. ಅಮ್ಮನಿಗೆ ಎರಡನೇ ಹೆರಿಗೆ ಅಂತ ಇವಳನ್ನು ಅಜ್ಜಿಯ ಮನೆಗೆ ಕಳಿಸಿದ್ದರು. ನಾಲ್ಕನೆಯದಕ್ಕೆ ಸೇರಿಸಿಕೊಂಡೆವು. ಕನ್ನಡ ಅಕ್ಷರ ಎರಡೇ ತಿಂಗಳಲ್ಲಿ ಕಲಿತಳು, ಚುರುಕು ಅಂದರೆ ಚುರುಕು.

ಜುಲೈ ಕೊನೆಯಲ್ಲಿ ಒಂದು ಸಣ್ಣ ಪರೀಕ್ಷೆ ಇಟ್ಟೆವು. ಒಂದು ಮುಖದ ಚಿತ್ರ, ಬಾಣದ ಗುರುತು, ಹೆಸರು ಬರೆಯಿರಿ. ಆ ಹುಡುಗಿ ಕಣ್ಣು, ಮೂಗು, ಕಿವಿ ಎಲ್ಲ ಸರಿಯಾಗಿ ಬರೆದಿದ್ದಳು. ಹಲ್ಲು ಇರುವ ಕಡೆ ‘ಪಲ್ಲು’ ಅಂತ ಬರೆದಿದ್ದಳು. ನಾವು ಕೆಂಪು ಪೆನ್ನಿನಲ್ಲಿ ಗೀಟು ಎಳೆದೆವು. ಅಷ್ಟೇ ಆಗಿದ್ದರೆ ಹೋಗಲಿ. ಪುಸ್ತಕ ಹಿಂದಕ್ಕೆ ಕೊಡುವಾಗ ಎಲ್ಲರ ಮುಂದೆ, ‘ಇದು ಕನ್ನಡ ಶಾಲೆ ಕಣಮ್ಮ, ತಮಿಳು ಬೆರೆಸಬಾರದು’ ಅಂದೆವು. ಮಕ್ಕಳು ಘೊಳ್ಳೆಂದು ನಕ್ಕರು. ಅಂದಿನಿಂದ ಅವಳಿಗೆ ‘ಪಲ್ಲು’ ಅಂತಲೇ ಹೆಸರು ಬಿತ್ತು. (ನಮ್ಮಿಬ್ಬರಲ್ಲಿ ಅಂದವರು ಯಾರು ಅನ್ನುವುದು ಬೇಡ. ಅಂದು ಇನ್ನೊಬ್ಬರು ಬಾಗಿಲಲ್ಲೇ ನಿಂತಿದ್ದು ಸುಮ್ಮನಿದ್ದೆವು, ಹಾಗಾಗಿ ತಪ್ಪು ಇಬ್ಬರದೂ.)

ಅವಳು ಮಾತು ನಿಲ್ಲಿಸಿದಳು. ಹಟ ಅಲ್ಲ, ಅಳು ಅಲ್ಲ. ಕೇಳಿದ್ದಕ್ಕೆ ತಲೆ ಆಡಿಸುವುದು, ಬರೆಯುವುದು, ಅಷ್ಟೇ. ಮೂರು ವಾರ ಕಳೆದ ಮೇಲೆ ಅವಳ ಅಜ್ಜಿ ಶಾಲೆಗೆ ಬಂದರು. ‘ಮೇಷ್ಟ್ರೆ, ನಮ್ ಕೂಸು ಮನೇಲೂ ಮಾತಾಡಕಿಲ್ಲ ಅಂತದೆ. ಅಲ್ಲಿ ತಿರುಪ್ಪೂರ್ ಇಸ್ಕೂಲಲ್ಲಿ ಕನ್ನಡದೋಳು ಅಂತ ನಗ್ತಿದ್ರಂತೆ. ಇಲ್ಲಿ ತಮಿಳೋಳು ಅಂತ ನಗ್ತಾರಂತೆ. ಎಲ್ಲಿಗ್ ಹೋಗದು ಅದು?’ ಅಂದರು. ಜೋರಾಗಿ ಏನೂ ಹೇಳಲಿಲ್ಲ. ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದರು. ನಮಗೆ ಉತ್ತರ ಹೊಳೆಯಲಿಲ್ಲ.

ಈಗ ‘ಪಲ್ಲು’ವಿನ ವಿಷಯಕ್ಕೆ ಬರೋಣ. ಅಂದು ರಾತ್ರಿ ಕೂತು ಯೋಚಿಸಿದಾಗ ನಮಗೆ ನಾಚಿಕೆಯಾಯಿತು. ಹಳಗನ್ನಡ ಓದಿದವರು ನಾವು. ಪಂಪ 941ರಲ್ಲಿ ಕಾವ್ಯ ಬರೆದಾಗ ಕನ್ನಡದಲ್ಲಿ ‘ಹಲ್ಲು’ ಇರಲಿಲ್ಲ, ‘ಪಲ್’ ಇತ್ತು. ಹಾಲು ‘ಪಾಲ್’ ಆಗಿತ್ತು, ಹುಲಿ ‘ಪುಲಿ’, ಹೆಸರು ‘ಪೆಸರ್’, ಹೂವು ‘ಪೂ’. ಮುಂದಿನ ಶತಮಾನಗಳಲ್ಲಿ ಪದದ ಮೊದಲಿಗಿದ್ದ ಪಕಾರ ಮೆಲ್ಲಗೆ ಹಕಾರ ಆಯಿತು. ನಡುಗನ್ನಡದ ಹೊತ್ತಿಗೆ ಹಕಾರವೇ ಗೆದ್ದಿತು. ತಮಿಳಿನಲ್ಲಿ ಆ ಬದಲಾವಣೆ ಆಗಲೇ ಇಲ್ಲ. ಅವರು ಇವತ್ತಿಗೂ ಪಲ್, ಪಾಲ್, ಪುಲಿ, ಪೂ ಅನ್ನುತ್ತಾರೆ. ಹುಡುಗಿ ಬರೆದದ್ದು ತಿರುಪ್ಪೂರಿನ ತಮಿಳಿನ ಪ್ರಭಾವವೇ ಇರಬಹುದು. ಆದರೆ ಅದು ಬೇರೆ ಭಾಷೆಯಿಂದ ಬಂದು ಹೊಕ್ಕ ಪದ ಅಲ್ಲ, ನಮ್ಮದೇ ಪದದ ಹಳೇ ಉಡುಪು. ಈಗಿನ ಬರವಣಿಗೆಗೆ ‘ಹಲ್ಲು’ ಸರಿ ಅಂತ ಹೇಳಿಕೊಡುವುದು ಒಂದು, ‘ಬೆರೆಸಬಾರದು’ ಅಂತ ಎಲ್ಲರೆದುರು ಹಂಗಿಸುವುದು ಇನ್ನೊಂದು. ನಾವು ಮಾಡಿದ್ದು ಎರಡನೆಯದು.

ತಪ್ಪು ಗೊತ್ತಾಯಿತು. ಸರಿ ಮಾಡುವುದು ಹೇಗೆ? ಅದಕ್ಕೆ ದಾರಿ ಬಂದದ್ದು ನಾವು ಎಣಿಸದ ಕಡೆಯಿಂದ... ಸ್ವೀಡನ್‌ನಿಂದ!

ನಗಬೇಡಿ. ಸೆಪ್ಟೆಂಬರ್‌ನಲ್ಲಿ ಅವಳ ಹುಟ್ಟುಹಬ್ಬ ಬಂತು. ಹುಟ್ಟುಹಬ್ಬದ ದಿನ ನಮ್ಮಲ್ಲಿ ಬಣ್ಣದ ಬಟ್ಟೆ ಹಾಕಿಕೊಂಡು ಬರಬಹುದು. ಅಪ್ಪ ಖಾದರ್‌ಪೇಟೆಯಿಂದ ಒಂದು ಟೀ ಶರ್ಟ್ ಕಳಿಸಿದ್ದರು. ತಿರುಪ್ಪೂರು ಗೊತ್ತಿದ್ದವರಿಗೆ ಖಾದರ್‌ಪೇಟೆ ಗೊತ್ತು. ಹೊರದೇಶಕ್ಕೆ ಹೋಗದೆ ಉಳಿದ ಬಟ್ಟೆ ಅಲ್ಲಿ ರಾಶಿ ರಾಶಿ ಸಿಗುತ್ತದೆ. ಹಳದಿ ಟೀ ಶರ್ಟಿನ ಮೇಲೆ ಒಂದು ಮಗುವಿನ ಮುಖ, ಸುತ್ತ ಬಾಣಗಳು, ಬಾಣದ ತುದಿಯಲ್ಲಿ ಪದಗಳು. ನಾವು ಇಟ್ಟ ಪರೀಕ್ಷೆಯ ಚಿತ್ರವೇ ಬಂದು ಅವಳ ಎದೆಯ ಮೇಲೆ ಕೂತ ಹಾಗಿತ್ತು! ಅಕ್ಷರ ಇಂಗ್ಲಿಷಿನವು, ಪದ ಇಂಗ್ಲಿಷಿನವಲ್ಲ. ಕೆಲವು ಅಕ್ಷರಗಳ ನೆತ್ತಿಯ ಮೇಲೆ ಎರಡೆರಡು ಚುಕ್ಕಿ.

ಮಕ್ಕಳು ಮುತ್ತಿಕೊಂಡರು. ನಮಗೂ ಓದಲು ಬರಲಿಲ್ಲ. ಮಕ್ಕಳೆದುರು ‘ನಮಗೂ ಗೊತ್ತಿಲ್ಲ’ ಅಂದೆವು. ಆಗ ಆ ಹುಡುಗಿ ಮೂರು ವಾರಕ್ಕಿಂತ ಹೆಚ್ಚು ಕಾಲದ ನಂತರ ಮೊದಲ ಸಲ ಬಾಯಿ ಬಿಟ್ಟು, ‘ನಿಮಗೂ ಗೊತ್ತಿಲ್ವಾ ಸಾರ್?’ ಅಂದಳು. ಖುಷಿಯಾಯಿತೋ ಆಶ್ಚರ್ಯವಾಯಿತೋ ತಿಳಿಯದು, ಅಂತೂ ಮಾತು ಬಂತು.

ನಮ್ಮ ಶಾಲೆಯಲ್ಲೇ ಓದಿದ ಒಬ್ಬ ಹುಡುಗ ತಿರುಪ್ಪೂರಿನಲ್ಲಿ ಮರ್ಚಂಡೈಸರ್ ಆಗಿದ್ದಾನೆ. ಅವನಿಗೆ ಫೋಟೋ ಕಳಿಸಿದೆವು. ಸಂಜೆಯೇ ಫೋನ್ ಮಾಡಿದ. ‘ಸಾರ್, ಅದು ಸ್ವೀಡಿಷ್. ಓಗಾ ಅಂದ್ರೆ ಕಣ್ಣು, ಓರಾ ಅಂದ್ರೆ ಕಿವಿ, ನೇಸಾ ಅಂದ್ರೆ ಮೂಗು, ಮುನ್ ಅಂದ್ರೆ ಬಾಯಿ, ಹಾಕಾ ಅಂದ್ರೆ ಗದ್ದ. ಕೆನ್ನೆಯ ಹತ್ರ ಕೆ, ಐ, ಎನ್, ಡಿ ಅಂತ ಇದೆಯಲ್ಲ, ಅದನ್ನ ಕಿಂಡ್ ಅಂತ ಓದಬಾರದು ಸಾರ್. ಬೈಯರ್ ಕಡೆಯವರು ಶಿಂಡ್ ಅಂತಾರೆ. ನಾನು ಮೊದಲು ಕಿಂಡ್ ಅಂದು ನಗೆಪಾಟಲಾಗಿದ್ದೆ’ ಅಂದ.

ಕೆ ಅಂತ ಬರೆದು ಶ ಅಂತ ಯಾಕೆ ಓದಬೇಕು? ಇದನ್ನು ಹುಡುಕಿಕೊಂಡು ಹೋದಾಗ ನಮಗೆ ಸಿಕ್ಕಿದ್ದು ನಮ್ಮ ಕಿವಿಯ ಕಥೆ.

ಸ್ವೀಡಿಷ್‌ನಲ್ಲಿ ಆ ಪದದ ಹಳೆಯ ರೂಪ ‘ಕಿನ್’. ಕೊನೆಯ ಡಕಾರ ಆಮೇಲೆ ಸೇರಿಕೊಂಡದ್ದು. ಅದೇ ಪದ ಜರ್ಮನ್‌ನಲ್ಲಿ ಇವತ್ತಿಗೂ ‘ಕಿನ್’, ಇಂಗ್ಲಿಷಿನಲ್ಲಿ ‘ಚಿನ್’. ಜರ್ಮನ್ನರಿಗೂ ಇಂಗ್ಲಿಷರಿಗೂ ಅದು ಗದ್ದ, ಸ್ವೀಡನ್ನರಿಗೆ ಕೆನ್ನೆ. ಮುಖದ ಮೇಲೆ ಪದ ಎರಡು ಇಂಚು ಜರುಗಿದೆ ಅಷ್ಟೆ. ಮುಖ್ಯವಾದದ್ದು ಮೊದಲಕ್ಷರ. ಇ, ಎ ಮುಂತಾದ ಸ್ವರಗಳನ್ನು ಹೇಳುವಾಗ ನಾಲಗೆ ಬಾಯಿಯ ಮುಂಭಾಗಕ್ಕೆ ಬರುತ್ತದೆ. ಕಕಾರ ಹುಟ್ಟುವುದು ಬಾಯಿಯ ಹಿಂಭಾಗದಲ್ಲಿ. ಕಕಾರದ ಪಕ್ಕದಲ್ಲೇ ಇಕಾರ ಎಕಾರ ಬಂದರೆ ನಾಲಗೆ ಸೋಮಾರಿತನ ಮಾಡಿ ಕಕಾರವನ್ನೇ ಮುಂದಕ್ಕೆ ಎಳೆದುಕೊಳ್ಳುತ್ತದೆ. ಕಕಾರ ಚಕಾರ ಆಗುತ್ತದೆ, ಚಕಾರ ಇನ್ನೂ ಸಡಿಲವಾಗಿ ಶಕಾರ ಸಕಾರ ಆಗುತ್ತದೆ. ನೀವೇ ಒಮ್ಮೆ ‘ಕ’ ಅಂತಲೂ ‘ಕಿ’ ಅಂತಲೂ ಹೇಳಿ ನಾಲಗೆ ಎಲ್ಲಿ ತಾಗುತ್ತದೆ ನೋಡಿಕೊಳ್ಳಿ, ಅರ್ಥವಾಗುತ್ತದೆ.

ಈಗ ತಮಿಳಿನ ಕಡೆ ತಿರುಗಿ. ನಮ್ಮ ‘ಕಿವಿ’ ತಮಿಳಿನಲ್ಲಿ ‘ಚೆವಿ’, ಆಡುವಾಗ ‘ಸೆವಿ’. ದಿನಬಳಕೆಯಲ್ಲಿ ಅವರು ಕಾದು ಅನ್ನುತ್ತಾರೆ, ಆದರೆ ಪುಸ್ತಕದಲ್ಲಿ ಸೆವಿ ಇದೆ, ನಮ್ಮ ಕಿವುಡಿಗೆ ಅವರ ಸೆವಿಡು ಇದೆ. ಮಲಯಾಳದಲ್ಲಿ ಚೆವಿ, ತೆಲುಗಿನಲ್ಲಿ ಚೆವಿ. ಕನ್ನಡದಲ್ಲಿ ಕಿವಿ, ಕೆಲವು ಊರುಗಳಲ್ಲಿ ಕಿಮಿ. ಕೊಡವ ಭಾಷೆಯಲ್ಲಿ ಕೆವಿ, ತುಳುವಿನಲ್ಲಿ ಕೆಬಿ. ದೂರದ ಜಾರ್ಖಂಡ್ ಕಡೆಯ ಕುಡುಖ್ ಭಾಷೆಯಲ್ಲಿ ಖೆಬ್ದಾ. ಇವನ್ನೆಲ್ಲ ಸಾಲಾಗಿ ಇಟ್ಟು ನೋಡಿದ ವಿದ್ವಾಂಸರು ಮೂಲದಲ್ಲಿ ಇದ್ದದ್ದು ಕಕಾರವೇ, ಕೆವಿ ಎನ್ನುವಂಥ ಒಂದು ರೂಪ ಅಂತ ತೀರ್ಮಾನಿಸಿದರು. ಬರ್ರೋ ಎಂಬವರು ದ್ರಾವಿಡ ಭಾಷೆಗಳ ಈ ಕಕಾರದ ಬಗ್ಗೆಯೇ 1943ರಲ್ಲಿ ಲೇಖನ ಬರೆದರು. ಅವರೂ ಎಮೆನೋ ಅವರೂ ಸೇರಿ ಮಾಡಿದ ದ್ರಾವಿಡ ಪದಮೂಲ ನಿಘಂಟು 1961ರಲ್ಲಿ ಬಂತು, 1984ರಲ್ಲಿ ಅದರ ಎರಡನೇ ಆವೃತ್ತಿ ಬಂತು.

ಮಕ್ಕಳಿಗೆ ಇಷ್ಟೆಲ್ಲ ಹೇಳಲಾಗುತ್ತದೆಯೆ? ಹೇಳಲಿಲ್ಲ. ಬೋರ್ಡಿನ ಮೇಲೆ ಎರಡು ಸಾಲು ಬರೆದೆವು, ಕನ್ನಡ ಒಂದು ಕಡೆ, ತಮಿಳು ಒಂದು ಕಡೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳು ಹೇಗೂ ತಮಿಳು ಪುಸ್ತಕವನ್ನೂ ಹಿಡಿದಿರುತ್ತಾರೆ. ಆ ಕಾಯ್ದೆಯ ಬಗ್ಗೆ ನಮ್ಮ ನಿಮ್ಮ ತಕರಾರು ಏನೇ ಇರಲಿ, ಎರಡು ಪುಸ್ತಕ ಕೈಯಲ್ಲಿರುವ ಮಗುವಿಗೆ ಈ ಆಟ ಆಡಲು ಬರುತ್ತದೆ. ಒಂದೇ ಪುಸ್ತಕ ಇರುವವರಿಗೆ ಬರುವುದಿಲ್ಲ.

‘ಕಿರು ಅಂದರೆ ತಮಿಳಲ್ಲಿ?’ ಅಂದೆವು. ‘ಸಿರು’ ಅಂದರು. ಕೆಂಪು? ‘ಸೆಂ, ಸೆಮ್ಮೆ, ಸೆಂಗಲ್ ಇದೆ ಸಾರ್, ಇಟ್ಟಿಗೆಗೆ.’ ಕಾಲಿಗೆ ಹಾಕುವ ಕೆರ? ‘ಸೆರುಪ್ಪು!’ ಗೆಯ್ಯುವುದು, ಅಂದರೆ ಮಾಡುವುದು? ‘ಸೆಯ್!’ ಅಷ್ಟರಲ್ಲಿ ತರಗತಿ ಬಿಸಿಯೇರಿತ್ತು. ಎಲ್ಲರಿಗಿಂತ ಮೊದಲು ಉತ್ತರ ಬರುತ್ತಿದ್ದದ್ದು ಯಾರ ಕಡೆಯಿಂದ ಅಂತ ಬೇರೆ ಹೇಳಬೇಕಾಗಿಲ್ಲ. ತಮಿಳು ಚೆನ್ನಾಗಿ ಬರುವವಳು ಅವಳೊಬ್ಬಳೇ ತಾನೆ?

ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ, ‘ಹಂಗಾದ್ರೆ ಕೇಳು ಅನ್ನೋದಕ್ಕೆ ತಮಿಳಲ್ಲಿ ಸೇಳು ಅನ್ನಬೇಕಿತ್ತು. ಅವರೂ ಕೇಳು ಅಂತಲೇ ಅಂತಾರಲ್ಲ ಸಾರ್?’

ನಾವು ತಬ್ಬಿಬ್ಬಾದೆವು. ಒಳ್ಳೆಯ ಪ್ರಶ್ನೆ. ಕಿವಿ ಬದಲಾಯಿತು, ಕೇಳುವುದು ಮಾತ್ರ ಬದಲಾಗಲಿಲ್ಲ! ನಾಳೆ ಹೇಳುತ್ತೇವೆ ಅಂದು ಪುಸ್ತಕ ತೆಗೆದು ನೋಡಿದೆವು. ಅದಕ್ಕೂ ನಿಯಮ ಇದೆ. ಕಿ, ಕೆ ಆದ ಮೇಲೆ ಟ, ಡ, ಣ, ಳದಂಥ ಅಕ್ಷರ ಬಂದರೆ ತಮಿಳಿನಲ್ಲಿ ಕಕಾರ ಹಾಗೇ ಉಳಿಯುತ್ತದೆ. ಆ ಅಕ್ಷರಗಳಿಗೆ ನಾಲಗೆಯ ತುದಿ ಹಿಂದಕ್ಕೆ ಮಡಿಚಬೇಕು. ಆ ಮಡಿಕೆ ಕಕಾರವನ್ನೂ ಹಿಂದಕ್ಕೇ ಹಿಡಿದಿಟ್ಟುಕೊಂಡಿತು. ಅದಕ್ಕೇ ನಮ್ಮ ಗಿಳಿ ಅವರಲ್ಲಿ ಕಿಳಿ, ಕೆಡು ಅವರಲ್ಲೂ ಕೆಡು, ಕೇಳು ಅವರಲ್ಲೂ ಕೇಳ್. ಮಾರನೆಯ ದಿನ ಇದನ್ನು ಹೇಳಿದಾಗ ಮಕ್ಕಳೆಲ್ಲ ನಾಲಗೆ ಮಡಿಚಿ ನೋಡಿಕೊಂಡರು. ಪಕ್ಕದ ಅಂಗನವಾಡಿಯವರು ಏನಾಯಿತು ಅಂತ ಬಂದು ಇಣುಕಿದರು.

ಇನ್ನೊಂದು ದಿನ ನಾವೇ ಒಂದು ಬಲೆ ಹಾಕಿದೆವು. ಟೀ ಶರ್ಟಿನ ಪದವನ್ನು ಬೋರ್ಡಿನ ಮೇಲೆ ಬರೆದೆವು. ಅವರ ಹಳೆಯ ‘ಕಿನ್’, ನಮ್ಮ ‘ಕೆನ್ನೆ’. ಎರಡಕ್ಕೂ ಒಂದೇ ಅರ್ಥ. ಸದ್ದೂ ಹತ್ತಿರ. ಹಾಗಾದರೆ ಸಂಬಂಧಿಕರೇ?

ಎಲ್ಲರೂ ಹೌದು ಅಂದರು. ನಮಗೂ ಮೊದಲು ನೋಡಿದಾಗ ಹಾಗೇ ಅನ್ನಿಸಿ ಮೈ ಜುಂ ಅಂದಿತ್ತು. ಆದರೆ ಅಲ್ಲ. ಅದು ಬರೀ ಆಕಸ್ಮಿಕ. ಸಂತೆಯಲ್ಲಿ ಒಬ್ಬರನ್ನು ಕಂಡು ನಮ್ಮ ಮಾವನ ಹಾಗೇ ಇದ್ದಾರಲ್ಲ ಅನ್ನಿಸುತ್ತದೆ, ಹಾಗಂತ ಅವರು ಮಾವ ಆಗುವುದಿಲ್ಲ. ಸ್ವೀಡಿಷ್ ಇಂಡೋ-ಯೂರೋಪಿಯನ್ ಮನೆತನದ್ದು. ಅದರ ನೆಂಟರು ಲ್ಯಾಟಿನ್, ಗ್ರೀಕ್, ಪಾರ್ಸಿ, ಸಂಸ್ಕೃತ. ಅವರ ನೇಸಾ ನಮಗೆ ಸಂಸ್ಕೃತದಿಂದ ಗೊತ್ತಿರುವ ನಾಸಾ. ಹಲ್ಲಿಗೆ ಅವರು ಅನ್ನುವ ತಾಂದ್, ದಂತ. ಮಂಡಿಗೆ ಅವರ ಕ್ನೇ, ಜಾನು. ಕಾಲಿಗೆ ಅವರ ಫೂತ್, ಪಾದ. ಕೊನೆಯದನ್ನು ಸ್ವಲ್ಪ ನೋಡಿ: ಸಂಸ್ಕೃತದ ಪಕಾರ ಇರುವ ಕಡೆ ಅವರಲ್ಲಿ ಫಕಾರ. ನಮ್ಮ ಪಲ್ ಹಲ್ಲಾದ ಹಾಗೇ ಅವರ ಕಡೆಯೂ ಪಕಾರ ಸಡಿಲವಾಗಿದೆ. ಇದರ ನಿಯಮವನ್ನು 1822ರಲ್ಲಿ ವಿವರಿಸಿದವರು ಜರ್ಮನಿಯ ಯಾಕೋಬ್ ಗ್ರಿಮ್. ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರಲ್ಲಿ ಅಣ್ಣ ಇವರೇ.

ಹಾಗಾದರೆ ‘ಕಿನ್’ಗೆ ನಮ್ಮ ಕಡೆ ನಿಜವಾದ ನೆಂಟ ಯಾರು? ಕೇಳಿದರೆ ನೀವು ನಂಬುವುದಿಲ್ಲ. ಸಂಸ್ಕೃತದ ‘ಹನು’, ಅಂದರೆ ದವಡೆ. ಇಂದ್ರನ ವಜ್ರಾಯುಧದ ಏಟು ದವಡೆಗೆ ಬಿದ್ದು ಹನುಮಂತ ಅಂತ ಹೆಸರು ಬಂತು ಅಂತ ಕಥೆ ಹೇಳುತ್ತಾರಲ್ಲ, ಅದೇ ಹನು. ಮೊದಲಕ್ಷರದ ಲೆಕ್ಕ ಪೂರ್ತಿ ನಿಯಮದಂತೆ ಬರುವುದಿಲ್ಲ, ಆದರೂ ಲ್ಯಾಟಿನ್ನಿನ ಗೆನಾ, ಗ್ರೀಕಿನ ಗೆನುಸ್ ಇವನ್ನೆಲ್ಲ ಜೊತೆಗಿಟ್ಟು ಒಂದೇ ಮೂಲ ಅಂತ ವಿದ್ವಾಂಸರು ಒಪ್ಪುತ್ತಾರೆ. ತಿರುಪ್ಪೂರಿನಲ್ಲಿ ಹೊಲಿದು ಸ್ವೀಡನ್ನಿಗೆ ಹೋಗದೆ ಉಳಿದ ಅಂಗಿಯ ಮೇಲೆ ಹನುಮಂತನ ದವಡೆ ಕೂತಿತ್ತು!

ಮಕ್ಕಳಿಗೆ ಹೇಳಿದ್ದು ಇಷ್ಟೇ: ಒಂದೇ ಥರ ಕಾಣುವವರೆಲ್ಲ ನೆಂಟರಲ್ಲ, ನೆಂಟರೆಲ್ಲ ಒಂದೇ ಥರ ಕಾಣುವುದೂ ಇಲ್ಲ. ಒಂದು ಪದ ಹೋಲಿದರೆ ಸಾಲದು, ಹತ್ತು ಪದ ಒಂದೇ ನಿಯಮದಲ್ಲಿ ಬರಬೇಕು. ಪಲ್-ಹಲ್ಲು, ಪಾಲ್-ಹಾಲು, ಪುಲಿ-ಹುಲಿ ಹಾಗೆ ಬರುತ್ತವೆ. ಇಷ್ಟು ಹೇಳಿ, ಆ ಹಳೆಯ ಪರೀಕ್ಷೆಯ ಪುಸ್ತಕ ತರಿಸಿಕೊಂಡು ‘ಪಲ್ಲು’ವಿನ ಮೇಲಿನ ಕೆಂಪು ಗೀಟಿನ ಪಕ್ಕ ‘ಇದು ಹಳಗನ್ನಡದಲ್ಲಿ ಸರಿ, ಈಗ ಹಲ್ಲು ಎಂದು ಬರೆಯುತ್ತೇವೆ’ ಅಂತ ಬರೆದು ಸಹಿ ಹಾಕಿದೆವು. ಎಲ್ಲರ ಮುಂದೆ ಅಂದದ್ದನ್ನು ಎಲ್ಲರ ಮುಂದೆಯೇ ಹಿಂದಕ್ಕೆ ತೆಗೆದುಕೊಂಡೆವು. ಅವಳು ಪುಸ್ತಕ ನೋಡಿ ಚೀಲಕ್ಕೆ ಹಾಕಿಕೊಂಡಳು. ಏನೂ ಅನ್ನಲಿಲ್ಲ. ಮರುದಿನದಿಂದ ಮಾತಾಡಿದಳು.

ದಸರೆಯ ರಜೆಯಲ್ಲಿ ನಾವು ಘಟ್ಟ ಇಳಿದೆವು. ಪ್ರತಿ ವರ್ಷ ಹೋಗುತ್ತೇವೆ, ಕೆಳಗೆ ಹೋದ ತಂದೆ ತಾಯಿಯರನ್ನು ನೋಡಿ ಮಕ್ಕಳನ್ನು ಶಾಲೆ ಬಿಡಿಸಬೇಡಿ ಅಂತ ಕೇಳಿಕೊಳ್ಳಲು. ಈ ಸಲ ಬಸ್ಸಿನಲ್ಲಿ ಕೂತು ಊರಿನ ಹೆಸರುಗಳನ್ನೂ ಹೊಸದಾಗಿ ಓದಿದೆವು. ಪುಳಿಯಂಪಟ್ಟಿ. ಪುಳಿ ಅಂದರೆ ಹುಳಿ, ಅವರ ಹುಣಸೆ. ಪಟ್ಟಿ ಅಂದರೆ ಹಟ್ಟಿ. ಇಷ್ಟು ವರ್ಷ ಅದೇ ಸ್ಟಾಪಿನಲ್ಲಿ ಟೀ ಕುಡಿದಿದ್ದೇವೆ, ಹುಳಿಯ ಹಟ್ಟಿ ಅಂತ ಹೊಳೆದೇ ಇರಲಿಲ್ಲ.

ವಿಜಯದಶಮಿಯ ದಿನ ಕೊಯಮತ್ತೂರಿನಲ್ಲಿದ್ದೆವು. ಅಲ್ಲಿನ ದೇವಾಂಗದವರು ಚೌಡೇಶ್ವರಿ ಅಮ್ಮನ ಮೆರವಣಿಗೆಯಲ್ಲಿ ಎದೆಗೂ ತೋಳಿಗೂ ಕತ್ತಿ ಹಾಕಿಕೊಂಡು ಬರುವುದನ್ನು ನೋಡಿದವರು ಮರೆಯಲಾರರು. ನೇಕಾರಿಕೆಯ ಈ ಮನೆತನಗಳಲ್ಲಿ ತುಂಬ ಜನ ಇವತ್ತಿಗೂ ಮನೆಯಲ್ಲಿ ಕನ್ನಡ ಆಡುತ್ತಾರೆ. ಕೊಯಮತ್ತೂರು ಪ್ರಾಂತ್ಯ 1799ರಲ್ಲಿ ಟಿಪ್ಪು ಸಾಯುವವರೆಗೆ ಮೈಸೂರಿನವರ ಕೈಯಲ್ಲಿತ್ತು. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. 1979ರಲ್ಲಿ ಈರೋಡ್ ಕಡೆಯ ಜಿಲ್ಲೆ ಬೇರೆಯಾಯಿತು, 2009ರಲ್ಲಿ ತಿರುಪ್ಪೂರು ಜಿಲ್ಲೆ ಬಂತು. ಜಿಲ್ಲೆಯ ಗೆರೆ ಇಷ್ಟು ಸಲ ಜರುಗಿದರೂ ಮನೆಯ ಮಾತು ಅಲ್ಲೇ ಇದೆ.

ನಮ್ಮ ಪಕ್ಕ ನಿಂತಿದ್ದ ಒಬ್ಬ ಹಿರಿಯರು ನಮ್ಮ ಮಾತು ಕೇಳಿ ಕನ್ನಡದಲ್ಲೇ ಮಾತಾಡಿಸಿದರು. ಎರಡು ನಿಮಿಷ ಆದ ಮೇಲೆ, ‘ನಿಮ್ದು ಸರಿಯಾದ ಕನ್ನಡ ಸಾರ್. ನಮ್ದು ಬರೀ ಮನೆ ಮಾತು, ಕೆಟ್ಟೋಗಿದೆ. ನಮ್ಗೆ ಓದಕ್ಕೆ ಬರೆಯಕ್ಕೆ ಬರಲ್ಲ’ ಅಂತ ಸಂಕೋಚಪಟ್ಟುಕೊಂಡರು. ಅವರ ಮೊಮ್ಮಗು ಕೈ ತೋರಿಸಿದಾಗ ‘ಉಗುರು ಬೆಳೆದಿದೆ ನೋಡು’ ಅಂದರು. ಸುತ್ತ ಇರುವ ತಮಿಳಿನವರು ಈಗ ‘ನಗಂ’ ಅನ್ನುತ್ತಾರೆ, ಅದು ಸಂಸ್ಕೃತದ ನಖ. ಹಳೆಯ ತಮಿಳು ಕಾವ್ಯಗಳಲ್ಲಿ ‘ಉಗಿರ್’ ಇದೆ. ಅಂದರೆ ಆ ಊರಿನ ತಮಿಳು ಬೀದಿಯಲ್ಲಿ ಬಿಟ್ಟುಹೋದ ಹಳೆಯ ಪದ ಈ ಅಜ್ಜನ ಬಾಯಲ್ಲಿ ಕನ್ನಡವಾಗಿ ಉಳಿದಿದೆ. ಅದನ್ನೇ ಅವರಿಗೆ ಹೇಳಿದೆವು. ‘ಅಂಗಾ?’ ಅಂದು ಮೊಮ್ಮಗುವಿನ ಉಗುರನ್ನು ಇನ್ನೊಮ್ಮೆ ನೋಡಿದರು.

ಇದರಲ್ಲಿ ಯಾರು ದೊಡ್ಡವರು ಅನ್ನುವ ಜಗಳ ಬೇಡ. ತಮಿಳಿನವರು ಪಲ್ಲಿನ ಪಕಾರ ಉಳಿಸಿಕೊಂಡರು, ಬಾಯಿಗೆ ವಾಯ್ ಅನ್ನುತ್ತ, ಬೆರಳಿಗೆ ವಿರಲ್ ಅನ್ನುತ್ತ ವಕಾರ ಉಳಿಸಿಕೊಂಡರು. ನಾವು ಕಿವಿಯ ಕಕಾರ ಉಳಿಸಿಕೊಂಡೆವು. ಒಂದೇ ಮನೆಯ ಪಾತ್ರೆ ಪಗಡ ಪಾಲಾದ ಮೇಲೆ ಅಣ್ಣನ ಮನೆಯಲ್ಲಿ ಕೊಡ, ತಮ್ಮನ ಮನೆಯಲ್ಲಿ ಕೊಳಗ ಇರುತ್ತದಲ್ಲ, ಹಾಗೆ. ಕೆಲವು ಪದಗಳ ಅರ್ಥವೂ ಪಾಲಿನಲ್ಲಿ ಅದಲು ಬದಲಾಗಿದೆ. ನಮ್ಮ ತೋಳು ಭುಜದಿಂದ ಕೆಳಗಿನ ಕೈ, ಅವರ ತೋಳ್ ಅಂದರೆ ಭುಜವೇ. ನಮ್ಮ ಕೊರಳು ಕತ್ತು, ಅವರ ಕುರಲ್ ದನಿ. ಕೊಯಮತ್ತೂರಿನ ಒಂದು ಆಸ್ಪತ್ರೆಯಲ್ಲಿ ನಮ್ಮ ಊರಿನ ಅಜ್ಜಿ ‘ತೋಳು ನೋವು’ ಅಂದದ್ದಕ್ಕೆ ಡಾಕ್ಟರು ಭುಜ ಒತ್ತಿ ಒತ್ತಿ ನೋಡಿದರಂತೆ. ಅಜ್ಜಿ ಮೊಣಕೈ ಚಾಚಿ ಚಾಚಿ ತೋರಿಸಿದರಂತೆ.

ತಿರುಪ್ಪೂರಿನಲ್ಲಿ ಆ ಹುಡುಗಿಯ ಲೈನ್ ಮನೆಗೂ ಹೋದೆವು. ಒಂದೇ ಸಾಲಿನಲ್ಲಿ ಎಂಟು ಮನೆ, ಒಂದು ನಲ್ಲಿ. ಅವಳ ಅಪ್ಪ ನೈಟ್ ಶಿಫ್ಟ್ ಮುಗಿಸಿ ಬಂದಿದ್ದರು. ಟೀ ತರಿಸಿದರು. ನೇರವಾಗಿಯೇ ಕೇಳಿದರು: ‘ಸಾರ್, ಕನ್ನಡ ಓದಿ ಇಲ್ಲಿ ಏನು ಮಾಡ್ತಾಳೆ? ನಾವು ಇರೋದು ಇಲ್ಲೇ. ಪಾಪು ಹುಟ್ಟಿದೆ, ಇವಳೂ ನಮ್ ಜೊತೆ ಇರಲಿ ಅಂತ ಇವರಮ್ಮ ಅಳ್ತಾಳೆ.’

ದಾಖಲಾತಿ ಭಾಷಣ ನಮಗೆ ಬಾಯಿಪಾಠ ಇದೆ. ಆದರೆ ಆ ಸಣ್ಣ ಮನೆಯಲ್ಲಿ, ತೊಟ್ಟಿಲ ಪಕ್ಕದಲ್ಲಿ ಕೂತು ಅದನ್ನು ಹೇಳಲು ನಾಲಗೆ ಏಳಲಿಲ್ಲ. ಮಗು ತಾಯಿಯ ಹತ್ತಿರ ಇರಬೇಕು ಅನ್ನುವುದಕ್ಕೆ ಏನಂತ ಎದುರುತ್ತರ ಕೊಡುವುದು? ‘ಈ ವರ್ಷ ಮುಗಿಸಲಿ, ಓದು ಬರಹ ಗಟ್ಟಿಯಾಗಲಿ. ಆಮೇಲೆ ನಿಮ್ಮಿಷ್ಟ. ಆದರೆ ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ’ ಅಂದೆವು. ‘ಅದೆಂಗ್ ನಿಲ್ಸಾದು ಸಾರ್, ಬೈಯೋಕೆ ನ್ಮಗೆ ಬೇರೆ ಭಾಷೆ ಬರಲ್ಲ’ ಅಂದು ಅವಳ ಅಮ್ಮ ಒಳಗಿನಿಂದ ನಕ್ಕರು.

ಜೂನ್‌ನಲ್ಲಿ ಅವಳು ಹೋದಳು. ನಮ್ಮ ಹಾಜರಿಯಲ್ಲಿ ಒಂದು ಹೆಸರು ಕಡಿಮೆಯಾಯಿತು. ಹೋಗುವಾಗ ಒಂದು ನೋಟ್ ಪುಸ್ತಕ ಕೊಟ್ಟು ಮೂರು ಕಂಬ ಗೀಚಿಕೊಟ್ಟೆವು: ಅಜ್ಜಿಯ ಮಾತು, ಪಾಠದ ಕನ್ನಡ, ತಮಿಳು. ‘ಹೊಸ ಪದ ಸಿಕ್ಕರೆ ಬರೆದುಕೋ’ ಅಂದೆವು. ಬರೆಯುತ್ತಾಳೆ ಅನ್ನುವ ನಂಬಿಕೆ ಅಷ್ಟಾಗಿ ಇರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಅಪ್ಪನ ಫೋನಿನಿಂದ ಕರೆ ಮಾಡಿದಳು. ‘ಸಾರ್, ನಾಲ್ಕನೇ ಕಂಬ ಹಾಕ್ಕೊಂಡೆ’ ಅಂದಳು. ಲೈನ್ ಮನೆಯಲ್ಲಿ ಎಲ್ಲರನ್ನೂ ಕಿವಿಗೆ ಏನಂತೀರಿ ಅಂತ ಕೇಳಿದ್ದಾಳೆ. ಬಿಹಾರದವರು ಕಾನ್, ಬಂಗಾಳದವರು ಕಾನ್, ಒಡಿಶಾದವರು ಕಾನ. ‘ತಮಿಳಿನ ಕಾದು ಅನ್ನೋದೂ ಇವೂ ಒಂದೇ ಥರ ಇದೆ ಸಾರ್. ಆದ್ರೆ ಒಂದು ಪದ ಸಾಕಾಗಲ್ಲ ಅಲ್ವಾ? ಕೆನ್ನೆ ಥರ ಆಗಬಹುದು’ ಅಂದಳು. ಸರಿಯಾಗೇ ಹೇಳಿದಳು. ಕಾನ್ ಬಂದದ್ದು ಸಂಸ್ಕೃತದ ಕರ್ಣದಿಂದ.

ಆಮೇಲೆ ಹೇಳಿದಳು. ಕೊನೆಯ ಮನೆಯಲ್ಲಿ ಜಾರ್ಖಂಡಿನ ಒಬ್ಬ ಅಕ್ಕ ಇದ್ದಾರಂತೆ, ಅವಳ ಅಮ್ಮನ ಜೊತೆ ಚೆಕಿಂಗ್ ಕೆಲಸ. ಎಲ್ಲರ ಹತ್ತಿರ ಹಿಂದಿಯಲ್ಲೇ ಮಾತಾಡುವವರು. ಕೇಳಿದ್ದಕ್ಕೆ ಅವರೂ ಕಾನ್ ಅಂದರಂತೆ. ಇವಳು ಬಿಡದೆ, ‘ಅದಲ್ಲ ಅಕ್ಕ, ನಿಮ್ಮಜ್ಜಿ ಏನಂತಾರೆ?’ ಅಂದಳಂತೆ. ಆ ಅಕ್ಕ ಅಕ್ಕಪಕ್ಕ ನೋಡಿ, ಅದು ಬರೀ ಮನೆ ಮಾತು, ಕಾಡಿನವರ ಮಾತು ಅಂತ ನಾಚಿಕೊಂಡರಂತೆ.

‘ಆಮೇಲೆ ಹೇಳಿದ್ರು ಸಾರ್. ಖೆಬ್ದಾ ಅಂತ. ನೀವು ಬೋರ್ಡ್ ಮೇಲೆ ಬರೆದಿದ್ರಲ್ಲ, ಅದೇ! ನಾನು ನಮ್ದು ಕಿವಿ, ನಿಮ್ದು ಖೆಬ್ದಾ, ಎರಡೂ ಒಂದೇ ಅಂದೆ. ಅವರು ನಂಬಲೇ ಇಲ್ಲ. ಕಿವಿ ಮುಟ್ಟಿ ಮುಟ್ಟಿ ಹೇಳಿದೆ.’

ನಾವಿಬ್ಬರೂ ಫೋನಿಗೆ ಕಿವಿಯಿಟ್ಟು ಕೂತಿದ್ದೆವು.

ಸ್ನೇಹಿತರೆ, ನಿಮ್ಮ ಶಾಲೆಯಲ್ಲೂ ಮನೆಮಾತನ್ನು ಬರೆದು ಕೆಂಪು ಗೀಟು ಹಾಕಿಸಿಕೊಂಡ ಮಗು ಇರುತ್ತದೆ. ಗೀಟು ಎಳೆಯುವ ಮೊದಲು ಒಂದು ಸಲ ನಿಘಂಟು ತೆಗೆದು ನೋಡಿ. ನಿಮ್ಮ ಕಡೆ ಕಿವಿಗೆ, ಕೆನ್ನೆಗೆ, ಗದ್ದಕ್ಕೆ, ಮೊಣಕಾಲಿಗೆ ಹಿರಿಯರು ಏನನ್ನುತ್ತಾರೆ? ಕೇಳಿ ತಿಳಿಸಿ. ನಮ್ಮ ನೋಟ್ ಪುಸ್ತಕದಲ್ಲೂ ಈಗ ನಾಲ್ಕು ಕಂಬ ಇದೆ.